ನೋಡುವವನ ಋಣ

ಕಲೆಯನ್ನು ನೋಡಿ ಸಂತೋಷಪಟ್ಟವನು ಕಲಾವಿದನಿಗೆ ಸಲ್ಲಿಸಬೇಕಾದದ್ದು ಏನಾದರೂ ಉಂಟೆ? ಟಿಕೆಟ್ಟಿನ ಹಣದೊಂದಿಗೆ ಆ ಲೆಕ್ಕ ಚುಕ್ತಾ ಆಗುವುದೆ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಅಮೆರಿಕದ ಲಾಸ್ ವೇಗಸ್‌ನ ಒಂದು ರಂಗಮಂದಿರದಲ್ಲಿ.

ಅಲ್ಲಿ ನೆಲೆಸಿರುವ ಮಗಳು ನಮ್ಮಿಬ್ಬರನ್ನೂ ಕರೆದೊಯ್ದಿದ್ದಳು. ಬೀಟಲ್ಸ್ ತಂಡದ ಹಾಡುಗಳಿಗೆ ಸರ್ಕ್ ಡು ಸೊಲೇ ಸಂಸ್ಥೆ ಹೊಂದಿಸಿದ್ದ ‘ಲವ್’ ಎಂಬ ಕಸರತ್ತಿನ ಪ್ರದರ್ಶನ ಅಲ್ಲಿ 2006ರಿಂದ 2024ರವರೆಗೆ ನಡೆಯಿತು. ವೃತ್ತಾಕಾರದ ರಂಗ, ಪ್ರತಿ ಆಸನಕ್ಕೂ ಧ್ವನಿವರ್ಧಕ. 1960ರ ದಶಕದ ರಾಕ್ ಸಂಗೀತ ಕಿವಿಯ ಬಳಿಯೇ ಮೊಳಗುತ್ತಿರಲು, ಗಾಲಿ ಬೂಟು ತೊಟ್ಟ ತರುಣರು ಇಳಿಜಾರಿನಿಂದ ಚಿಮ್ಮಿ ಗಾಳಿಯಲ್ಲಿ ಲಾಗ ಹಾಕುತ್ತಿದ್ದರು. ತಾಳಕ್ಕೆ ಸರಿಯಾಗಿ ಕಾಲು ನೆಲ ಮುಟ್ಟುವಾಗ, ಬೀಳುವ ಸಾಧ್ಯತೆಯೂ ಇದೆಯೆಂಬುದೇ ಮರೆತುಹೋಗುತ್ತಿತ್ತು.

ಆಗ ನೆನಪಾದದ್ದು ನಮ್ಮೂರು ಆನೈಮಲೈ. ನಮಗೆ ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ಮಾಸಾಣಿ ಅಮ್ಮನ ಜಾತ್ರೆಯ ದಿನಗಳಲ್ಲಿ ಬರುತ್ತಿದ್ದ ಆಟವನ್ನು ಬೀದಿ ಕಳೈಕ್ಕೂತ್ತು ಎನ್ನುತ್ತಿತ್ತು, ಮನೆ ಡೊಂಬರಾಟ ಎನ್ನುತ್ತಿತ್ತು. ತಂದೆ ಡೋಲು ಬಾರಿಸುತ್ತಿದ್ದ. ನನ್ನದೇ ವಯಸ್ಸಿನ ಹುಡುಗಿ ಬಿದಿರ ಕೋಲು ಹಿಡಿದು ಹಗ್ಗದ ಮೇಲೆ ನಡೆಯುತ್ತಿದ್ದಳು. “ತಟ್ಟೆ ಬರೋಕೆ ಮುಂಚೆ ಎದ್ದು ಬರಬೇಡ ಮಗಾ, ನೋಡಿದ್ದು ಸಾಲ ಆಗುತ್ತೆ” ಎಂದು ಅಜ್ಜಿ ನಾಲ್ಕಾಣೆ ಕೊಟ್ಟಿದ್ದರು. ಅವಳು ತಟ್ಟೆ ಹಿಡಿದು ಹತ್ತಿರ ಬರುವಷ್ಟರಲ್ಲಿ ನಾನು ಜನರ ಮರೆಯಲ್ಲಿ ಜಾರಿಕೊಂಡೆ. ಆ ನಾಣ್ಯ ಐಸಿಗೆ ಖರ್ಚಾಯಿತು.

ಭರತನ ನಾಟ್ಯಶಾಸ್ತ್ರ ಭಯಾನಕವನ್ನೂ ಅದ್ಭುತವನ್ನೂ ರಸಗಳೆಂದೇ ಎಣಿಸಿದೆ. ನಾಟಕದಲ್ಲಿ ಭಯವನ್ನೂ ಸವಿಯಬಹುದು; ರಂಗದ ಮೇಲೆ ಸತ್ತ ದುರ್ಯೋಧನ ಪರದೆಯ ಹಿಂದೆ ಎದ್ದು ಚಹಾ ಕುಡಿಯುತ್ತಾನೆ. ಹಗ್ಗದ ಮೇಲಿನ ದೇಹಕ್ಕೆ ಅಂಥ ಪರದೆಯಿಲ್ಲ. 2013ರ ಜೂನ್‌ನಲ್ಲಿ ಅದೇ ನಗರದಲ್ಲಿ, ಅದೇ ಸಂಸ್ಥೆಯ ‘ಕಾ’ ಎಂಬ ಪ್ರದರ್ಶನದಲ್ಲಿ ಕಲಾವಿದೆಯೊಬ್ಬರು ಮೇಲಿನಿಂದ ಬಿದ್ದು ಪ್ರಾಣಬಿಟ್ಟರು. ಪ್ರೇಕ್ಷಕರಲ್ಲಿ ಕೆಲವರು ಮೊದಲು ಅದನ್ನೂ ಆಟದ ಭಾಗವೆಂದೇ ತಿಳಿದರು. ಅವರು ಕಟುಕರಲ್ಲ, ನಾನಿದ್ದರೂ ಹಾಗೆಯೇ ತಿಳಿಯುತ್ತಿದ್ದೆ.

ಹಾಗೆಂದು ನೋಡಲೇಬಾರದೆ? ನೋಡುವವರಿಲ್ಲದಿದ್ದರೆ ಆ ವಿದ್ಯೆಯೂ ಉಳಿಯದು, ಅದನ್ನು ನಂಬಿದವರ ಅನ್ನವೂ ಉಳಿಯದು. ಕೇಳಿಕೊಳ್ಳಬೇಕಾದದ್ದು ಬೇರೆ: ನಮ್ಮ ಚಪ್ಪಾಳೆ ಅಪಾಯಕ್ಕೋ, ಅಪಾಯವನ್ನು ಗೆದ್ದ ಸಾಧನೆಗೋ? ಅಪಾಯಕ್ಕಾದರೆ, ಕೆಳಗಿನ ಬಲೆ ತೆಗೆದಷ್ಟೂ ನಮ್ಮ ಸುಖ ಹೆಚ್ಚುತ್ತದೆ. ಸಾಧನೆಗಾದರೆ, ಬಲೆಯಿದ್ದರೂ ಸುಖ ಕುಂದುವುದಿಲ್ಲ. ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆದೇಶಿಸಿತು. ಅದು ಕಾನೂನಿನ ಪಾಲಿನ ಕೆಲಸ. ಆ ಹುಡುಗಿಯ ಕೆಳಗೆ ಬಲೆಯಿರಲಿಲ್ಲ. ನೆರೆದಿದ್ದ ನಾವು ಯಾರೂ ಏಕಿಲ್ಲವೆಂದು ಕೇಳಲಿಲ್ಲ. ಆ ಕೇಳದಿದ್ದ ಪ್ರಶ್ನೆ ನೋಡುವವನ ಪಾಲಿನ ಋಣ. ಅದನ್ನು ನಾಲ್ಕಾಣೆಯಿಂದಲೂ ತೀರಿಸಲಾಗದು, ಡಾಲರಿನಿಂದಲೂ ತೀರಿಸಲಾಗದು. ನಮ್ಮ ಸುಖಕ್ಕಾಗಿ ಮೇಲೇರಿದವರು ಕ್ಷೇಮವಾಗಿ ಇಳಿಯಲಿ ಎಂದು ಬಯಸುವ, ಅದಕ್ಕೆ ತಕ್ಕ ಏರ್ಪಾಡನ್ನು ಒತ್ತಾಯಿಸುವ ಮನಸ್ಸಿನಿಂದ ಮಾತ್ರ ಅದು ಅಷ್ಟಿಷ್ಟು ತೀರೀತು.

ಪ್ರದರ್ಶನ ಮುಗಿಯಿತು. ಕಾರು ಹೊರಡಿಸುವ ಅವಸರದಲ್ಲಿ ಕೆಲವರು ಆಗಲೇ ಬಾಗಿಲ ಕಡೆ ನಡೆದಿದ್ದರು. ಕೊನೆಯ ಕಲಾವಿದ ಕೈಬೀಸಿ ಒಳಹೋಗುವವರೆಗೂ ನಾನು ಏಳಲಿಲ್ಲ.

“ಹೊರಡೋಣ್ವಾ ಅಪ್ಪಾ?” ಎಂದಳು ಮಗಳು.

“ಇರು ಮಗಳೇ, ತಟ್ಟೆ ಇನ್ನೂ ಬಂದಿಲ್ಲ” ಎಂದೆ.