ಪರರ ನೀರು

ಪಶ್ಚಿಮ ಆಸ್ಟ್ರೇಲಿಯಾದ ವಿಲೂನಾ ಎಂಬ ಗಣಿಯ ಊರಿನಿಂದ ಈಶಾನ್ಯಕ್ಕೆ ಹಾಲ್ಸ್ ಕ್ರೀಕ್ ಎಂಬ ಊರಿನವರೆಗೆ ಸುಮಾರು 1,850 ಕಿಲೋಮೀಟರು ಉದ್ದದ ಒಂದು ದಾರಿಯುಂಟು. ದಾರಿಯೆಂದೊಡನೆ ಸಾಲುಮರದ ರಾಜಮಾರ್ಗವನ್ನು ಭಾವಿಸಬಾರದು. ಅದು ಮರಳಿನ ಮೇಲೆ ಮೋಟಾರಿನ ಗಾಲಿಗಳು ಕೊರೆದ ಎರಡು ಗೆರೆ ಮಾತ್ರ. ಗಿಬ್ಸನ್, ಗ್ರೇಟ್ ಸ್ಯಾಂಡಿ ಮೊದಲಾದ ಮರುಭೂಮಿಗಳನ್ನು ಹಾಯ್ದುಹೋಗುವ ಆ ಗೆರೆಗೆ ಒಂಬೈನೂರಕ್ಕೂ ಹೆಚ್ಚು ಮರಳದಿಬ್ಬಗಳು ಅಡ್ಡಲಾಗಿ ಬರುತ್ತವೆ. ಅಲ್ಲಿಯ ಚಳಿಗಾಲದ ತಿಂಗಳುಗಳಲ್ಲಿ ಎಣ್ಣೆ, ನೀರು, ಅನ್ನಗಳನ್ನು ಹೇರಿಕೊಂಡು, ಎರಡು ಮೂರು ವಾರಗಳ ಕಾಲ ಈ ದಾರಿಯಲ್ಲಿ ಮೋಟಾರು ಪ್ರಯಾಣ ಮಾಡಿ ಸಂತೋಷಪಡುವವರು ವರ್ಷವರ್ಷವೂ ಇದ್ದಾರೆ. ನಮ್ಮಲ್ಲಿ ದಾರಿಯ ಗುರುತನ್ನು ಹೇಳುವವರು ಊರು, ಗುಡಿ, ಆಲದಮರಗಳನ್ನು ಹೇಳುತ್ತಾರೆ. ಅಲ್ಲಿ ಹೇಳುವುದು ಬಾವಿಗಳ ಅಂಕೆಯನ್ನು: ಆರನೆಯ ಬಾವಿ, ಮೂವತ್ತಮೂರನೆಯ ಬಾವಿ, ನಲವತ್ತನೆಯ ಬಾವಿ. ಹೀಗೆ ಐವತ್ತೊಂದರವರೆಗೆ ಎಣಿಕೆ ನಡೆಯುತ್ತದೆ.

ಈ ಬಾವಿಗಳು ಹುಟ್ಟಿದ ಬಗೆಯನ್ನು ತಿಳಿದವನಿಗೆ ಒಂದು ಧರ್ಮಸಂದೇಹ ಬಾರದೆ ಇರದು. ಅನ್ಯಾಯದಿಂದ ಕಂಡುಕೊಂಡ ನೀರನ್ನು ನೂರು ವರ್ಷಗಳು ಕಳೆದಮೇಲೆ ಬಂದು ಕುಡಿಯುವವನಿಗೆ ಆ ಅನ್ಯಾಯದ ಲೇಪವುಂಟೇ, ಇಲ್ಲವೇ?

ಪೂರ್ವವೃತ್ತಾಂತ ಹೀಗಿದೆ. ಉತ್ತರದ ಕಿಂಬರ್ಲಿ ಪ್ರಾಂತದ ಪೂರ್ವಭಾಗದಲ್ಲಿ ದನಗಳನ್ನು ಸಾಕುವವರಿಗೆ ದಕ್ಷಿಣದ ಚಿನ್ನದ ಗಣಿಗಳ ಪೇಟೆ ಬೇಕಾಗಿದ್ದಿತು. ಆದರೆ ಅವರ ದನಗಳಿಗೆ ರಕ್ತ ಹೀರುವ ಉಣ್ಣೆಹುಳದ ಬಾಧೆಯಿದ್ದುದರಿಂದ ಹಡಗಿನಲ್ಲಿ ಸಾಗಿಸಲು ಅಪ್ಪಣೆಯಿರಲಿಲ್ಲ. ಒಣ ಮರುಭೂಮಿಯ ಮೂಲಕ ಹೊಡೆದುಕೊಂಡು ಹೋದರೆ ಹುಳುಗಳು ದಾರಿಯಲ್ಲೇ ಸಾಯುವುವೆಂಬ ಎಣಿಕೆ ಹುಟ್ಟಿತು. ಅದಕ್ಕೆ ದಿನದ ನಡಿಗೆಗೊಂದರಂತೆ ನೀರು ಬೇಕು. ಅದನ್ನು ಹುಡುಕಲು ಸರಕಾರವು 1906ರಲ್ಲಿ ಆಲ್‌ಫ್ರೆಡ್ ಕ್ಯಾನಿಂಗ್ ಎಂಬ ಮೋಜಣಿದಾರನನ್ನು 23 ಒಂಟೆಗಳೊಡನೆ ಕಳುಹಿಸಿತು. ನೀರೆಲ್ಲಿದೆಯೆಂಬುದನ್ನು ಬಲ್ಲವರು ಆ ನೆಲದ ಆದಿವಾಸಿಗಳು. ಕ್ಯಾನಿಂಗನು ಅವರನ್ನು ಹಿಡಿದು, ಕೊರಳಿಗೆ ಸರಪಳಿ ಹಾಕಿ, ರಾತ್ರಿ ಓಡಿಹೋಗದಂತೆ ಕಟ್ಟಿ, ಒಂದು ನೀರಿನಿಂದ ಮತ್ತೊಂದು ನೀರಿಗೆ ನಡೆಸಿಕೊಂಡು ಹೋದನು. ಈ ಉಪಾಯ ಅವನದೇ ಅಲ್ಲ. ಅವನಿಗಿಂತ ಹತ್ತು ವರ್ಷ ಮೊದಲು ಅದೇ ಮರಳನ್ನು ದಾಟಿದ ಡೇವಿಡ್ ಕಾರ್ನೆಗಿ ಎಂಬವನು, ಸೆರೆಹಿಡಿದವರಿಗೆ ಉಪ್ಪುಹಾಕಿದ ಮಾಂಸವನ್ನು ತಿನ್ನಿಸಿ, ದಾಹದಿಂದ ಅವರು ತಾವಾಗಿಯೇ ನೀರಿನ ಕಡೆಗೆ ಓಡುವಂತೆ ಮಾಡಿದುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ.

ಕ್ಯಾನಿಂಗನ ತಂಡದ ಅಡಿಗೆಯವನಾಗಿದ್ದ ಎಡ್ವರ್ಡ್ ಬ್ಲೇಕ್ ಎಂಬವನಿಗೆ ಇದು ಸಹಿಸಲಿಲ್ಲ. ಅವನು ದೂರು ಕೊಟ್ಟನು. 1908ರಲ್ಲಿ ವಿಚಾರಣಾ ಮಂಡಲಿ ಕುಳಿತಿತು. ಕ್ಯಾನಿಂಗನು ಸರಪಳಿಯ ಸಂಗತಿಯನ್ನು ಅಲ್ಲಗಳೆಯಲಿಲ್ಲ. ಮಂಡಲಿಯು ಅವನನ್ನು ನಿರ್ದೋಷಿಯೆಂದಿತು. ಬಳಿಕ 1910ರೊಳಗೆ ಬಾವಿಗಳೆಲ್ಲಾ ಸಿದ್ಧವಾದುವು. ಒಬ್ಬ ಅಡಿಗೆಯವನಿಗೆ ಕಂಡ ಅಧರ್ಮವು ವಿದ್ವಾಂಸರ ಮಂಡಲಿಗೆ ಕಾಣದೆಹೋಗುವುದು ಆ ದೇಶಕ್ಕೇ ವಿಶೇಷವಾದ ಸಂಗತಿಯೇನೂ ಅಲ್ಲ.

ಕ್ಯಾನಿಂಗನ ಪಕ್ಷದಲ್ಲಿ ಆಪದ್ಧರ್ಮವನ್ನು ಹೇಳಬಹುದು. ಮರುಭೂಮಿಯಲ್ಲಿ ನೀರು ತಪ್ಪಿದರೆ ಪ್ರಾಣವೇ ಹೋಗುತ್ತದೆ. 1896ರಲ್ಲಿ ಕ್ಯಾಲ್ವರ್ಟ್ ತಂಡದ ಇಬ್ಬರು ಹಾಗೆಯೇ ಸತ್ತರು. ಆದರೆ ಆಪತ್ತೆಂಬುದು ತಾನಾಗಿ ಬಂದೊದಗತಕ್ಕದ್ದು. ಸಂಕಲ್ಪಪೂರ್ವಕವಾಗಿ ಹೊರಟು, ಸಾಮಗ್ರಿಯ ಜೊತೆಯಲ್ಲೇ ಸರಪಳಿಯನ್ನೂ ಒಯ್ಯುವವನು ಆಪದ್ಧರ್ಮವನ್ನು ಹೇಳಿಕೊಳ್ಳುವುದು ಹೇಗೆ? ಬಹುಜನರ ಹಿತಕ್ಕಾಗಿ ಎಂದರೆ, ಆ ಹಿತವನ್ನೂ ಲೆಕ್ಕಹಾಕಿ ನೋಡಬಹುದು. 1911ರಿಂದ 1931ರವರೆಗೆ ಇಪ್ಪತ್ತು ವರ್ಷಗಳಲ್ಲಿ ಈ ದಾರಿಯಲ್ಲಿ ನಡೆದ ದನದ ಹಿಂಡುಗಳು ಕೇವಲ ಎಂಟು. 1959ರಲ್ಲಿ ಕೊನೆಯ ಹಿಂಡು ಹೋಯಿತು.

ಇನ್ನು ಕುಡಿಯುವವನ ವಿಷಯ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ವಿಧಿಯುಂಟು. ಪರರು ತೋಡಿಸಿದ ಜಲಾಶಯದಲ್ಲಿ ಸ್ನಾನ ಮಾಡುವವನಿಗೆ, ಅದನ್ನು ತೋಡಿಸಿದವನ ಪಾಪದಲ್ಲಿ ಒಂದು ಪಾಲು ಅಂಟುತ್ತದೆಂದು ಅಲ್ಲಿ ಹೇಳಿದೆ. ಯಾಜ್ಞವಲ್ಕ್ಯರು ಪರರ ನೀರಿನಲ್ಲಿ ಇಳಿಯುವ ಮೊದಲು ಐದು ಮಣ್ಣುಂಡೆಗಳನ್ನು ಮೇಲಕ್ಕೆ ಎತ್ತಿಹಾಕಬೇಕೆನ್ನುತ್ತಾರೆ. ಪಾಠಶಾಲೆಯ ವಿದ್ಯಾರ್ಥಿಗಳು ಇದನ್ನು ಸ್ನಾನವಿಧಿಯೆಂದು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುವುದುಂಟು. ಆದರೆ ನಮ್ಮ ಕಲ್ಯಾಣ ಪಟ್ಟಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ನಿಂತು ಯೋಚಿಸಿದ್ದಾನೆ. ಪರರ ನೀರೆಂದರೆ ಯಾವುದು? ಸರ್ವಪ್ರಾಣಿಗಳಿಗೆ ಎಂದು ಬಿಟ್ಟುಕೊಡದೆ ಇರುವ ನೀರು ಎಂದು ಅವನ ವ್ಯಾಖ್ಯಾನ. ಆದುದರಿಂದ ಬಾವಿ ತೋಡಿದಷ್ಟಕ್ಕೇ ಪೂರ್ತಧರ್ಮವು ಮುಗಿಯಲಿಲ್ಲ. ಉತ್ಸರ್ಗವೆಂಬ ಕರ್ಮವೊಂದುಂಟು: ತೋಡಿದವನು ತನ್ನ ಸ್ವಾಮ್ಯವನ್ನು ಎಲ್ಲರೆದುರಿಗೆ ತೊರೆಯತಕ್ಕದ್ದು. ಅದಾದ ಮೇಲೆ ಆ ನೀರು ಯಾರದೂ ಅಲ್ಲ, ಎಲ್ಲರದೂ ಹೌದು. ಕುಡಿಯುವವನಿಗೆ ತೋಡಿದವನ ಪಾಪದ ಸೋಂಕಿಲ್ಲ.

(ಉತ್ಸರ್ಗವನ್ನು ಬಾಯಲ್ಲಿ ಹೇಳಿ ಕೈಯಲ್ಲಿ ತಡೆದವರು ಈ ದೇಶದಲ್ಲಿಯೂ ಉಂಟು. ಇಲ್ಲದಿದ್ದರೆ 1927ರಲ್ಲಿ ಮಹಾಡಿನ ಚವದಾರ್ ಕೆರೆಯ ಒಂದು ಬೊಗಸೆ ನೀರಿಗಾಗಿ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಬೇಕಾಗಿರಲಿಲ್ಲ. ಮರುಭೂಮಿಯ ಬಾವಿಗಳನ್ನು ವಿಮರ್ಶಿಸುವಾಗ ಇದನ್ನು ಮರೆಯುವುದು ಸರಿಯಲ್ಲ.)

ಕ್ಯಾನಿಂಗನ ಬಾವಿಗಳಿಗೆ ಉತ್ಸರ್ಗವಿರಲಿಲ್ಲ. ಅಲ್ಲಿಯ ಜನರು ಮರಳನ್ನು ಕೈಯಿಂದ ಬಗೆದು ಬೊಗಸೆಯಲ್ಲಿ ತುಂಬಿಕೊಳ್ಳುತ್ತಿದ್ದ ಒರತೆಗಳನ್ನು ಆಳಕ್ಕೆ ತೋಡಿ, ಮರದ ಚೌಕಟ್ಟು ಕಟ್ಟಿ, ದನದ ಹಿಂಡಿಗೆ ಸಾಲುವಷ್ಟು ದೊಡ್ಡ ಬಕೀಟನ್ನೂ ಭಾರವಾದ ರಾಟೆಯನ್ನೂ ಇಟ್ಟರು. ಆ ಬಕೀಟನ್ನು ಎಳೆಯಲು ಹಲವರು ಗಟ್ಟಿಗರು ಬೇಕು. ಒಬ್ಬಿಬ್ಬರು ಬಾಯಾರಿ ಬಂದು ಎಳೆಯಲು ಹೋದರೆ ಹಿಡಿ ಕೈತಪ್ಪಿ ತಿರುಗಿ ತೋಳು, ತಲೆಗಳು ಒಡೆಯುತ್ತಿದ್ದುವು. ಅಜ್ಜಂದಿರ ಕಾಲದಿಂದ ಕುಡಿದ ನೀರು ಕಣ್ಣಿಗೆ ಕಾಣುತ್ತ ಕೈಗೆ ನಿಲುಕದಾಯಿತು. ಅವರು ಬಾವಿಗಳನ್ನು ಕೆಡವಿದರು, ಕಬ್ಬಿಣವನ್ನು ಕಿತ್ತರು. ಸರಕಾರದ ಕಾಗದಗಳಲ್ಲಿ ಇದಕ್ಕೆ ವಿಧ್ವಂಸವೆಂದು ಹೆಸರು. ತನ್ನ ಮನೆಯ ಬಾಗಿಲಿಗೆ ಅನ್ಯನು ಹಾಕಿದ ಬೀಗವನ್ನು ಮುರಿದವನಿಗೆ ಕಳ್ಳನೆಂಬ ಹೆಸರು ಒಪ್ಪುವುದಾದರೆ ಇದೂ ಒಪ್ಪೀತು.

1929ರಲ್ಲಿ ಬಾವಿಗಳನ್ನು ದುರಸ್ತಿಮಾಡಲು ವಿಲಿಯಂ ಸ್ನೆಲ್ ಎಂಬವನನ್ನು ನೇಮಿಸಿದರು. ಅವನು ಮುರಿದವರನ್ನು ಬೈಯುವ ಮೊದಲು ಮುರಿದದ್ದೇಕೆಂದು ನೋಡಿದನು. ಆದಿವಾಸಿಗಳು ಇಳಿದು ನೀರು ತರಬಹುದಾದಂತೆ ಬಾವಿಗಳಿಗೆ ಏಣಿಗಳನ್ನು ಇಳಿಬಿಟ್ಟನು. ಎಲ್ಲಾ ಬಾವಿಗಳನ್ನೂ ಅವನು ಮುಗಿಸಲಿಲ್ಲ. ಉಳಿದುದನ್ನು ಎಪ್ಪತ್ತರ ಹತ್ತಿರಕ್ಕೆ ಬಂದಿದ್ದ ಕ್ಯಾನಿಂಗನೇ ಹೋಗಿ ಮುಗಿಸಿದನು. ಸ್ನೆಲ್ಲನಿಗೆ ಉತ್ಸರ್ಗದ ಮಂತ್ರ ತಿಳಿದಿರಲು ಕಾರಣವಿಲ್ಲ. ಆದರೂ ಆ ಏಣಿಗೆ ಬೇರೆ ಹೆಸರನ್ನು ಕೊಡಲು ಮನಸ್ಸು ಬಾರದು.

ಇಂದಿನ ಪ್ರಯಾಣಿಕನ ಕಣ್ಣಿಗೆ ಬೀಳುವ ಗುರುತುಗಳೆಲ್ಲವೂ ಒಂದೇ ಬಗೆಯವಲ್ಲ. ದಾರಿಯ ಮೊದಲಲ್ಲೇ ವಿಂಡಿಚ್ ಚಿಲುಮೆ ಸಿಗುತ್ತದೆ. ಅದು 1874ರಲ್ಲಿ ಜಾನ್ ಫಾರೆಸ್ಟನು ತನ್ನೊಡನೆ ಬಂದ ಟಾಮಿ ವಿಂಡಿಚ್ ಎಂಬ ಆದಿವಾಸಿ ಮಾರ್ಗದರ್ಶಿಯ ಹೆಸರನ್ನಿಟ್ಟ ಸ್ಥಳ. ನೀರು ತೋರಿಸಿದವನ ಹೆಸರನ್ನು ನೀರಿಗಿಡುವುದೂ ಸಾಧ್ಯವಿದ್ದಿತೆಂಬುದಕ್ಕೆ ಅದೊಂದು ಸಾಕ್ಷಿ. ಮುಂದೆ ಡರ್ಬಾ ಚಿಲುಮೆ. ಬಂಡೆಗಳ ನಡುವೆ ನೆರಳು, ತಂಪು, ಗೋಡೆಯ ಮೇಲೆ ಪ್ರಾಚೀನರ ಚಿತ್ರಗಳು. ಅದನ್ನು ದಾಟಿದರೆ ವಿಶಾಲವಾದ ಉಪ್ಪಿನ ಸರೋವರ. 1897ರಲ್ಲಿ ಫ್ರಾಂಕ್ ಹ್ಯಾನ್ ಎಂಬವನು ಹಳ್ಳಗಳ ಜಾಡು ಹಿಡಿದು ಸಿಹಿನೀರಿನ ಆಸೆಯಿಂದ ಅಲ್ಲಿಗೆ ಬಂದು, ಉಪ್ಪನ್ನು ಕಂಡು, ಅದಕ್ಕೆ ನಿರಾಶೆಯ ಸರೋವರವೆಂದು ಹೆಸರಿಟ್ಟನು. ಮಾರ್ತು ಜನರಿಗೆ ಅದು ನಿರಾಶೆಯ ಸ್ಥಳವೇ ಅಲ್ಲ; ಅದರ ಅಡಿಯಲ್ಲಿ ನರಭಕ್ಷಕ ಸತ್ತ್ವಗಳಿವೆಯೆಂದು ಅವರು ಭಯಭಕ್ತಿಗಳಿಂದ ದೂರವಿರುತ್ತಾರೆ. ಒಬ್ಬನ ಒಂದು ದಿನದ ಬೇಸರವು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ನಕ್ಷೆಯಲ್ಲಿ ನಿಂತಿದ್ದು, 2020ರಲ್ಲಿ ಕುಂಪುಪಿಂಟಿಲ್ ಎಂಬ ಮೊದಲಿನ ಹೆಸರು ಮರಳಿ ಬಂದಿತು.

ಮಾರ್ತು ಜನರ ಭೂಸ್ವಾಮ್ಯವನ್ನು ನ್ಯಾಯಾಲಯವು 2002ರಲ್ಲಿ ಒಪ್ಪಿಕೊಂಡಿತು. ಈಗ ಈ ದಾರಿಯಲ್ಲಿ ಹೋಗತಕ್ಕವರು ಮುಂಚಿತವಾಗಿ ನೆಲದವರಿಂದ ರಹದಾರಿ ಪಡೆಯಬೇಕು. ಕೆಲವರು ಇದನ್ನು ಕಾಗದಪತ್ರದ ಕಾಟವೆಂದು ಗೊಣಗುತ್ತಾರೆ. ಕೇಳಿ ಪಡೆಯುವುದು ಕಾಟವಾದರೆ ಐದು ಮಣ್ಣುಂಡೆ ಎತ್ತುವುದೂ ಕಾಟವೇ. ಆದರೆ ಆ ಮಣ್ಣು ಎತ್ತಿದಷ್ಟೂ ಬಾವಿಯ ಹೂಳು ಕಡಿಮೆಯಾಗುತ್ತದೆಂಬುದನ್ನು ಸ್ಮೃತಿಕಾರರು ಬಲ್ಲವರಾಗಿದ್ದರು.

ನಲವತ್ತನೆಯ ಬಾವಿಗೆ ಆ ಜನರು ನಟವಾಲು ಎನ್ನುತ್ತಾರೆ. 1907ರಲ್ಲಿ ಕ್ಯಾನಿಂಗನ ತಂಡದ ಮೈಕೇಲ್ ಟೋಬಿನ್ನನೂ ಒಬ್ಬ ಆದಿವಾಸಿಯೂ ಅಲ್ಲಿ ಎದುರುಬದುರಾದರು. ಒಬ್ಬನು ಭರ್ಜಿ ಎಸೆದನು, ಇನ್ನೊಬ್ಬನು ಗುಂಡು ಹಾರಿಸಿದನು, ಇಬ್ಬರೂ ಸತ್ತರು. ಟೋಬಿನ್ನನ ಗೋರಿಯ ಕಲ್ಲಿನ ಬಳಿ ಪ್ರಯಾಣಿಕರು ಮೋಟಾರು ನಿಲ್ಲಿಸಿ ಇಳಿಯುತ್ತಾರೆ. ಹತ್ತಿರದ ಸರೋವರಕ್ಕೂ ಅವನದೇ ಹೆಸರು. ಮತ್ತೊಬ್ಬನ ಹೆಸರಿನ ಸರೋವರವು ನಕ್ಷೆಯಲ್ಲಿಲ್ಲ. ಅವನು ಸತ್ತುದು ತನ್ನ ನೀರಿನ ಬಳಿಯಲ್ಲಿ.