ತಾಳೆಯಾಗದ ನಕ್ಷತ್ರ

ನಿನ್ನ ಕೆಲಸ ಏನಪ್ಪಾ ಅಂತ ಊರಲ್ಲಿ ಯಾರಾದ್ರೂ ಕೇಳಿದರೆ ‘ತಾಳೆ ನೋಡೋದು’ ಅಂತೀನಿ. ಸುಳ್ಳಲ್ಲ. ಇಂದಿರಾನಗರದ ಒಂದು ಆಫೀಸಿನಲ್ಲಿ ಕೂತು, ಸಾಲಕ್ಕೆ ಅರ್ಜಿ ಹಾಕಿದವರ ದಾಖಲೆಗಳನ್ನು ಒಂದಕ್ಕೊಂದು ಹೋಲಿಸುತ್ತೇನೆ. ಹೆಸರು, ಹುಟ್ಟಿದ ತಾರೀಖು, ವಿಳಾಸ. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಹೋದ ತಿಂಗಳು ಶಿವಾಜಿನಗರದ ಒಬ್ಬ ಹೆಂಗಸಿನ ಅರ್ಜಿ ಕೆಂಪಾಯ್ತು. ಹೊಲಿಗೆ ಮಷೀನಿಗೆ ಸಾಲ. ಎರಡು ದಾಖಲೆಗಳಲ್ಲಿ ಹುಟ್ಟಿದ ವರ್ಷ ಬೇರೆ ಬೇರೆ. ವಿಳಾಸ ಒಂದರಲ್ಲಿ ಹಲಸೂರು, ಇನ್ನೊಂದರಲ್ಲಿ ಶಿವಾಜಿನಗರ. ‘ಮಾಹಿತಿ ಅನುಮಾನಾಸ್ಪದ’ ಅನ್ನೋ ಕಾರಣ ಆರಿಸಿ ಮುಂದಿನ ಅರ್ಜಿಗೆ ಹೋದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಅದೇ ವಾರ, ಸುಮ್ಮನೆ ಕುತೂಹಲಕ್ಕೆ, ಹಳೆಯ ನಕ್ಷತ್ರ ಪಟ್ಟಿಗಳ ಬಗ್ಗೆ ಓದ್ತಾ ಇದ್ದೆ. ಖಗೋಳದವರೂ ನನ್ನ ಹಾಗೇ ತಾಳೆ ನೋಡುವವರು. ಒಂದು ಪಟ್ಟಿಯಲ್ಲಿ ಪ್ರಕಾಶಮಾನ ಅಂತ ಬರೆದ ನಕ್ಷತ್ರ ಇನ್ನೊಂದರಲ್ಲಿ ಮಂಕು, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಹಾಗಿದ್ದಾಗ ತಪ್ಪು ಯಾರದು? ಯಾರದೂ ಅಲ್ಲದಿರಬಹುದು. ನಕ್ಷತ್ರವೇ ಬದಲಾಗಿರಬಹುದು.

1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಪಾದ್ರಿ ತಿಮಿಂಗಿಲ ಪುಂಜದಲ್ಲಿ ಒಂದು ನಕ್ಷತ್ರ ನೋಡಿದ. ಕೆಲವು ವಾರಗಳಲ್ಲಿ ಅದು ಮಾಯವಾಯ್ತು. 1603ರಲ್ಲಿ ಯೋಹಾನ್ ಬಾಯರ್ ತನ್ನ ನಕ್ಷೆಯಲ್ಲಿ ಅದೇ ನಕ್ಷತ್ರಕ್ಕೆ ಒಂದು ಗ್ರೀಕ್ ಅಕ್ಷರ ಕೊಟ್ಟು ಗುರುತು ಹಾಕಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಆಗ ಯಾರೂ ಇರಲಿಲ್ಲ. ಅದು ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮಸುಕಾಗುತ್ತದೆ ಅಂತ ಗೊತ್ತಾಗಲು 1638 ಬರಬೇಕಾಯ್ತು. ಅದೇ ಇವತ್ತಿನ ‘ಮೀರಾ’.

ನಮ್ಮ ಕಡೆಯದೂ ಒಂದು ಕತೆ ಇದೆ. ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಕೈಕೆಳಗೆ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ‘ಆರ್ ರೆಟಿಕ್ಯುಲೈ’ ಎಂಬ ನಕ್ಷತ್ರದ ಹೊಳಪು ಬದಲಾಗುತ್ತದೆ ಅಂತ ಗುರುತಿಸಿದರು. ಅದರ ಏರಿಳಿತಕ್ಕೆ ಒಂಬತ್ತು ತಿಂಗಳು ಬೇಕು. ಚೆನ್ನಾಗಿ ಹೊಳೆಯುವಾಗಲೂ ಬರಿಗಣ್ಣಿಗೆ ಸಿಗೋದು ಕಷ್ಟ, ಕುಂದಿದಾಗ ಸಣ್ಣ ದೂರದರ್ಶಕಕ್ಕೂ ಸಿಗಲ್ಲ. ಮದ್ರಾಸಿಗಾಗಲೀ ನಮ್ಮ ಬೆಂಗಳೂರಿಗಾಗಲೀ ಅದು ದಕ್ಷಿಣ ದಿಗಂತದಿಂದ ಬರೀ ಹದಿನಾಲ್ಕು ಡಿಗ್ರಿ ಮೇಲೇರುತ್ತೆ. ಮುಂದೆ 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ಆ ವೀಕ್ಷಣಾಲಯದ ಪರಂಪರೆ 1899ರಲ್ಲಿ ಕೊಡೈಕೆನಾಲಿಗೆ ಹೋಗಿ, ಈಗ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಲ್ಲಿ ಮುಂದುವರಿದಿದೆ. ನನ್ನ ಆಫೀಸಿನಿಂದ ದೊಮ್ಮಲೂರು ದಾಟಿದರೆ ಆಯ್ತು.

ನನ್ನನ್ನು ಕಾಡಿದ್ದು ಅವರು ಅನುಮಾನ ಪಡುವ ಕ್ರಮ. ಎರಡು ಪಟ್ಟಿ ಹೊಂದದಿದ್ದಾಗ ಮೊದಲ ಪ್ರಶ್ನೆ: ನಾನು ಹೋಲಿಸುತ್ತಿರೋದು ಒಂದೇ ನಕ್ಷತ್ರವನ್ನೇ? ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ, ನಕ್ಷತ್ರದ ವಿಳಾಸ ಬರೆಯುವ ಗೆರೆಗಳೇ ಸರಿಯುತ್ತವೆ. ನೂರೈವತ್ತು ವರ್ಷಕ್ಕೆ ಸುಮಾರು ಎರಡು ಡಿಗ್ರಿ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ನಕ್ಷತ್ರ ಅಲ್ಲೇ ಇದ್ದರೂ ವಿಳಾಸ ಬೇರೆಯಾಗಿರುತ್ತೆ! ಎರಡನೆಯದು: ಅಚ್ಚಿನ ತಪ್ಪೇ? ಮೂರನೆಯದು: ಸಾಧನ ಬೇರೆಯೇ? ಹಳೆಯ ಛಾಯಾಫಲಕಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣ್ತಿರಲಿಲ್ಲ. ಕಣ್ಣಿಗೆ ಹೊಳೆದ ಕೆಂಪು ನಕ್ಷತ್ರ ಅಲ್ಲಿ ಮಂಕು. ನಾಲ್ಕನೆಯದು: ಅವತ್ತು ಅಲ್ಲಿ ಹಾದುಹೋಗಿದ್ದು ಯಾವುದಾದರೂ ಕ್ಷುದ್ರಗ್ರಹವೇ? ಇಷ್ಟಾದ ಮೇಲೆ ಕೊನೆಯದು, ರಾತ್ರಿ ಎದ್ದು ತಾನೇ ಹೋಗಿ ನೋಡೋದು. ಒಂದು ಸಲ ಅಲ್ಲ, ಹಲವು ಸಲ.

ನಾನು ಮಾಡಿದ್ದು ಇದರ ಉಲ್ಟಾ. ಮೊದಲ ಅನುಮಾನವೇ ಆ ಹೆಂಗಸಿನ ಮೇಲೆ.

ಹಾಗಂತ ಎಲ್ಲ ವ್ಯತ್ಯಾಸಕ್ಕೂ ಒಳ್ಳೆ ಕಾರಣ ಇರುತ್ತೆ ಅನ್ನೋಕಾಗಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಕೆ.ಆರ್. ಪುರದ ಕಡೆಯಿಂದ ಅಗರದ ಕಡೆಗೆ ಸರಪಳಿ ಹಿಡಿದು ನೆಲ ಅಳೆದ. 1804ರಲ್ಲಿ ತಾಳೆ ನೋಡೋಕೆ ಅಂತಲೇ ಬೆಂಗಳೂರಿನ ಹತ್ತಿರ ಮತ್ತೊಂದು ಗೆರೆ ಅಳೆಸಿದ. ಲೆಕ್ಕದಿಂದ ಬಂದ ಉದ್ದಕ್ಕೂ ಅಳೆದ ಉದ್ದಕ್ಕೂ ಇದ್ದ ಅಂತರ ಕೆಲವೇ ಇಂಚು. ಆ ಕೆಲವು ಇಂಚು ತಪ್ಪೇ, ಬೇರೇನೂ ಅಲ್ಲ; ನೆಲ ಉದ್ದ ಆಗಲ್ಲ, ಗಿಡ್ಡ ಆಗಲ್ಲ. ನಕ್ಷತ್ರದ ಪಟ್ಟಿಗಳಲ್ಲೂ ಹೊಂದದ ಬಹುಪಾಲು ನಮೂದುಗಳು ಬರೀ ತಪ್ಪುಗಳೇ. ನನ್ನ ಟೇಬಲ್ಲಿಗೂ ನಿಜವಾದ ಮೋಸದ ಅರ್ಜಿಗಳು ಬರ್ತವೆ, ನಾನು ಹಿಡಿದೂ ಇದೀನಿ. ಎಲ್ಲವನ್ನೂ ಹಸಿರು ಮಾಡೋದು ಕರುಣೆಯಲ್ಲ, ಸೋಮಾರಿತನ. ಅದರ ನಷ್ಟ ಇನ್ಯಾರದೋ ತಲೆಗೆ ಬರುತ್ತೆ.

ಹಾಗಾದ್ರೆ ತಾಳೆಯಾಗದವರಿಗೆ ನಾವು ಏನು ಬಾಕಿ ಇದ್ದೇವೆ? ನಂಬಿಕೆ ಅಂತ ನಾನು ಹೇಳಲ್ಲ, ಅದನ್ನು ಕೇಳಿದ ತಕ್ಷಣ ಕೊಡೋಕಾಗಲ್ಲ. ಬಾಕಿ ಇರೋದು ಇನ್ನೊಂದು ನೋಟ. ಅಳೆಯುತ್ತಿರುವುದು ನೆಲವನ್ನೋ ನಕ್ಷತ್ರವನ್ನೋ ಅಂತ ಒಂದು ಕ್ಷಣ ಯೋಚಿಸುವಷ್ಟು ತಾಳ್ಮೆ. ಮನುಷ್ಯರು ಮನೆ ಬದಲಿಸ್ತಾರೆ, ಹೆಸರು ಬದಲಿಸ್ತಾರೆ; ಅವರ ವಿಷಯ ಬರೆದುಕೊಳ್ಳುವವರ ಕೈಬರಹವೂ ಬದಲಾಗುತ್ತೆ. ಮನುಷ್ಯರನ್ನು ನೆಲದ ಹಾಗೆ ಅಳೆದರೆ ಬದುಕಿದ್ದಕ್ಕೇ ಅವರು ತಪ್ಪಿತಸ್ಥರಾಗಿಬಿಡ್ತಾರೆ.

ಹತ್ತು ದಿನ ತಡವಾಗಿ ಆ ಫೈಲು ಮತ್ತೆ ತೆಗೆದು ಫೋನ್ ಮಾಡಿದೆ. ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ತರೇ ಒಂದು ತಾರೀಖು ಬರೆದುಕೊಂಡಿದ್ದರಂತೆ. ತವರು ಹಲಸೂರು, ಗಂಡನ ಮನೆ ಶಿವಾಜಿನಗರ. ಅಷ್ಟೇ. ‘ಅವತ್ತೇ ಕೇಳಿದ್ರೆ ಹೇಳ್ತಿದ್ನಲ್ಲಾ ಸಾರ್’ ಅಂದರು. ಅಷ್ಟರಲ್ಲಿ ಬೇರೆ ಕಡೆ ಮೀಟರ್ ಬಡ್ಡಿಗೆ ದುಡ್ಡು ತಂದು ಮಷೀನ್ ತಗೊಂಡಾಗಿತ್ತು. ಹಿಂದಿನಿಂದ ಅದು ಓಡುವ ಸದ್ದು ಫೋನಿನಲ್ಲೇ ಕೇಳಿಸ್ತಿತ್ತು.

ನಮ್ಮ ಕಾರಣಗಳ ಪಟ್ಟಿಯಲ್ಲಿ ‘ಮತ್ತೊಮ್ಮೆ ನೋಡಬೇಕು’ ಅನ್ನೋ ಆಯ್ಕೆ ಇಲ್ಲ. ಸೇರಿಸಿ ಅಂತ ಮೇಲಿನವರಿಗೆ ಮೇಲ್ ಹಾಕಿದೀನಿ. ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಕೆಂಪಾದವರ ಅರ್ಜಿ ನಂಬರನ್ನು ಕೈಯಲ್ಲೇ ಬರೆದು, ಸಂಜೆ ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಇದೀನಿ.