ಮಕ್ಕಳ ದಿನಚರ್ಯೆಯೂ ಹಿರಿಯರ ಮಾತೂ

ನಮ್ಮ ನಡುಮನೆಯ ಗೋಡೆಯ ಮೇಲೆ, ನಾಲ್ಕು ವರ್ಷದ ಮೊಮ್ಮಗನ ಕಣ್ಣಿಗೆ ನೇರವಾಗಿ, ಕೆಲವು ತಿಂಗಳಿಂದ ಆರು ಚಿತ್ರಗಳು ಒಂದರ ಕೆಳಗೊಂದರಂತೆ ತೂಗುತ್ತಿವೆ. ಮೊದಲನೆಯದು ಹಲ್ಲುಜ್ಜುವ ಬ್ರಷ್ಷು. ಎರಡನೆಯದು ಸ್ನಾನದ ತಂಬಿಗೆ. ಅದರ ಕೆಳಗೆ ತಿಂಡಿಯ ತಟ್ಟೆ, ಶಾಲೆಯ ಚೀಲ, ಸಂಜೆಯ ಚೆಂಡು. ಎಲ್ಲಕ್ಕೂ ಕಡೆಯಲ್ಲಿ, ರಾತ್ರಿಯ ಕಥೆಯ ಗುರುತಾಗಿ, ತೆರೆದಿಟ್ಟ ಪುಸ್ತಕ. ಒಂದೊಂದು ಕೆಲಸವೂ ಮುಗಿದಂತೆ ಹುಡುಗನು ಅದರ ಚಿತ್ರವನ್ನು ತೆಗೆದು ಕೆಳಗೆ ಕಟ್ಟಿರುವ ಬಟ್ಟೆಯ ಚೀಲಕ್ಕೆ ಹಾಕುತ್ತಾನೆ. ಮಲಗುವ ಹೊತ್ತಿಗೆ ಗೋಡೆ ಬರಿದಾಗುತ್ತದೆ. ಬೆಳಗ್ಗೆ ಅವನ ತಾಯಿ ಎಲ್ಲವನ್ನೂ ಮತ್ತೆ ತೂಗುಹಾಕುತ್ತಾಳೆ.

ಈ ಏರ್ಪಾಡನ್ನು ಮೊದಲು ಕಂಡಾಗ ನನಗೆ ಸಮಾಧಾನವಾಗಲಿಲ್ಲ. ಹೆತ್ತವರೂ ಅಜ್ಜ ಅಜ್ಜಿಯರೂ ಮನೆಯಲ್ಲಿರುವಾಗ ಎಳೆಯ ಕೂಸು ರಟ್ಟಿನ ತುಂಡಿನಿಂದ ಅಪ್ಪಣೆ ಪಡೆಯಬೇಕೆ? ‘ಬಾ ಮಗು, ಸ್ನಾನಕ್ಕೆ ಹೊತ್ತಾಯಿತು’ ಎಂಬ ಮಾತಿನಲ್ಲಿರುವ ಅಕ್ಕರೆ ಚಿತ್ರಕ್ಕೆ ಎಲ್ಲಿಂದ ಬರಬೇಕು? ಸೊಸೆಯೊಡನೆ ಹೀಗೆಲ್ಲ ವಾದಿಸಿದೆ. ‘ಮಾವ, ಒಂದು ತಿಂಗಳು ನೋಡಿ, ಆಗ ಹೇಳಿ’ ಎಂದಳು. ನೋಡಿದೆ. ನನ್ನ ಅಭಿಪ್ರಾಯ ಬದಲಾದುದು ನಿಜ. ಆದರೆ ಅವಳು ಹೇಳುವ ಕಾರಣಕ್ಕಾಗಿ ಅಲ್ಲ. ಬೆಳಗಿನ ಗಲಾಟೆ ಕಡಮೆಯಾಯಿತೆಂಬುದು ಅವಳ ಮಾತು. ಆಗಿದೆ; ಸಂತೋಷವೇ. ನನ್ನನ್ನು ಯೋಚನೆಗೆ ಹಚ್ಚಿದುದು ಬೇರೊಂದು ಸಂಗತಿ.

ಅದನ್ನು ಹೇಳುವುದಕ್ಕೆ ಮುನ್ನ ಈ ಪದ್ಧತಿಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ತಿಳಿಸುವುದು ಉಚಿತ. ಇದಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರಲ್ಲಿ ಮುಖ್ಯನಾದವನು ಎರಿಕ್ ಷಾಪ್ಲರ್ ಎಂಬ ಮನಶ್ಶಾಸ್ತ್ರಜ್ಞ. ಅವನ ಪ್ರಯತ್ನದಿಂದ ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ 1972ರಲ್ಲಿ ‘ಟೀಚ್’ ಎಂಬ ಕಾರ್ಯಕ್ರಮವು ಸಂಸ್ಥಾನದಾದ್ಯಂತ ಜಾರಿಗೆ ಬಂದಿತು. ಅದು ಆಟಿಸಂ ಇರುವ ಮಕ್ಕಳಿಗಾಗಿ ಹುಟ್ಟಿದುದು. ಆಟಿಸಂಗೆ ತಾಯಿಯ ಮಮತೆಯ ಕೊರತೆಯೇ ಕಾರಣವೆಂದು ದೊಡ್ಡ ದೊಡ್ಡ ವಿದ್ವಾಂಸರು ಬರೆಯುತ್ತಿದ್ದ ಕಾಲದಲ್ಲಿ, ಹೆತ್ತವರು ಅಪರಾಧಿಗಳಲ್ಲ, ಮಗುವಿನ ಶಿಕ್ಷಣದಲ್ಲಿ ನಮ್ಮ ಜೊತೆಗಾರರು ಎಂದು ಹೇಳಿದುದು ಷಾಪ್ಲರನ ಹಿರಿಮೆ. ಅಂಥ ಮಕ್ಕಳಲ್ಲಿ ಅನೇಕರಿಗೆ ಆಡಿದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಕಣ್ಣಿಗೆ ಕಂಡುದು ನಿಲ್ಲುತ್ತದೆ. ಚಿತ್ರವೂ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೈಗೆ ಕೊಡುವುದುಂಟು: ಚಮಚ ಕೊಟ್ಟರೆ ಊಟದ ಹೊತ್ತೆಂದು ಅರ್ಥ. ತಿಳಿವಳಿಕೆ ಬೆಳೆದಂತೆ ವಸ್ತುವಿನ ಬದಲು ಚಿತ್ರ, ಚಿತ್ರದ ಬದಲು ಬರೆದ ಅಕ್ಷರ. ಮುಂದೆ ಇದು ಎಲ್ಲ ಎಳೆಯ ಮಕ್ಕಳಿಗೂ ಪ್ರಯೋಜನವೆಂದು ಕಂಡು ಶಾಲೆಗಳಿಗೂ ಮನೆಗಳಿಗೂ ಹರಡಿತು.

ಕಾಗದದಿಂದ ಅಪ್ಪಣೆ ಪಡೆಯುವುದು ಮನುಷ್ಯನಿಗೆ ಕುಂದೆಂಬ ನನ್ನ ಮೊದಲ ಆಕ್ಷೇಪ ಬಹಳ ದಿನ ನಿಲ್ಲಲಿಲ್ಲ. ವಾಗ್ಭಟನು ತನ್ನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ದಿನಚರ್ಯೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ, ಏಳುವುದು, ಹಲ್ಲುಜ್ಜುವುದು, ಎಣ್ಣೆ ಹಚ್ಚಿಕೊಳ್ಳುವುದು, ಮೀಯುವುದು ಎಲ್ಲವೂ ಅಲ್ಲಿ ಉಂಟು. ಅದನ್ನು ಓದಿ ಯಾರೂ ಅವಮಾನಪಟ್ಟುಕೊಂಡುದಿಲ್ಲ. ನಾನಾದರೋ ಏಕಾದಶಿ ಎಂದೆಂದು ತಿಳಿಯಲು ಗೋಡೆಯ ಮೇಲಿನ ಪಂಚಾಂಗವನ್ನೇ ನೋಡುವವನು.

ಕಠಿನವಾದ ಪ್ರಶ್ನೆ ಇನ್ನೊಂದಿದೆ. ಜಿನೀವಾದ ತತ್ತ್ವಜ್ಞಾನಿ ರೂಸೋ 1762ರಲ್ಲಿ ಪ್ರಕಟವಾದ ‘ಎಮೀಲ್’ ಎಂಬ ಗ್ರಂಥದಲ್ಲಿ ಎರಡು ಬಗೆಯ ಅಧೀನತೆಯನ್ನು ವಿಂಗಡಿಸುತ್ತಾನೆ: ವಸ್ತುಗಳಿಗೆ ಅಧೀನವಾಗಿರುವುದು ಒಂದು, ಮನುಷ್ಯರಿಗೆ ಅಧೀನವಾಗಿರುವುದು ಇನ್ನೊಂದು. ಮೊದಲನೆಯದು ಸ್ವಾತಂತ್ರ್ಯವನ್ನು ಕೆಡಿಸದು. ಎರಡನೆಯದರಿಂದಲೇ ಸಕಲ ದುರ್ಗುಣಗಳೂ ಹುಟ್ಟುವುವೆಂಬುದು ಅವನ ಮತ. (ತನ್ನ ಐವರು ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದವನಿಂದ ಶಿಶುಪಾಲನೆಯ ಪಾಠವೇ ಎಂದು ವಾಚಕರು ಕೇಳಬಹುದು. ಕೇಳತಕ್ಕುದೇ, ಆದರೂ ಮಾತು ವಿಚಾರಾರ್ಹವಾದುದು.) ಮಳೆ ಸುರಿದರೆ ಅಂಗಳದಲ್ಲಿ ಆಡಲಾಗದು, ಅದಕ್ಕಾಗಿ ಮಗುವು ಮೋಡದ ಮೇಲೆ ಹಗೆ ಸಾಧಿಸುವುದಿಲ್ಲ. ‘ನಾನು ಬಿಡುವುದಿಲ್ಲ’ ಎಂದೆವೋ, ಅಲ್ಲಿಯೇ ಯುದ್ಧ. ಹಾಗಾದರೆ ಗೋಡೆಯ ಚಿತ್ರವು ಮಳೆಯ ಜಾತಿಗೆ ಸೇರಿದುದೋ, ‘ನಾನು’ ಎಂಬುದರ ಜಾತಿಗೋ? ಮಗುವಿಗೆ ಅದು ಮಳೆಯಂತೆಯೇ ತೋರುತ್ತದೆ. ಅದರ ಶಕ್ತಿಯೂ ಅಲ್ಲಿಯೇ ಇದೆ. ಆದರೆ ಅದನ್ನು ತೂಗುಹಾಕಿದ ಕೈ ಒಂದುಂಟಷ್ಟೆ. ‘ನಾನಲ್ಲಪ್ಪ, ಚಿತ್ರ ಹೇಳುತ್ತಿದೆ’ ಎಂದು ತಾಯಿ ನುಡಿದರೆ, ತನ್ನ ಇಚ್ಛೆಯನ್ನು ರಟ್ಟಿನ ಮರೆಯಲ್ಲಿ ಬಚ್ಚಿಟ್ಟಂತಾಗಲಿಲ್ಲವೆ? ಎದುರಿಗೆ ನಿಂತು ಗದರಿಸುವ ತಾಯಿಯಾದರೂ ತನ್ನ ಹೆಸರಿನಲ್ಲಿಯೇ ಗದರಿಸುತ್ತಾಳೆ.

ಈ ಆಕ್ಷೇಪಕ್ಕೆ ನನಗೆ ತೋರುವ ಸಮಾಧಾನ ಒಂದೇ: ಚಿತ್ರವನ್ನು ಅಪ್ಪಣೆಯೆಂದು ಎಣಿಸಬಾರದು, ಒಡಂಬಡಿಕೆಯೆಂದು ಎಣಿಸಬೇಕು. ಅಪ್ಪಣೆ ಕೇಳುವವನನ್ನು ಮಾತ್ರ ಕಟ್ಟುತ್ತದೆ. ಒಡಂಬಡಿಕೆ ಬರೆದವನನ್ನೂ ಕಟ್ಟುತ್ತದೆ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪದೇ ಪದೇ ಹೇಳುವ ಮಾತು ಯಾವುದೆಂದು ಯಾರಾದರೂ ಲೆಕ್ಕವಿಟ್ಟರೆ, ‘ಆಮೇಲೆ’ ಎಂಬುದೇ ಮುಂದೆ ನಿಂತೀತು. ‘ಅಜ್ಜ, ಕಥೆ ಹೇಳು.’ ‘ಆಮೇಲೆ.’ ‘ಅಮ್ಮ, ಎತ್ತಿಕೋ.’ ‘ಆಮೇಲೆ.’ ಗಡಿಯಾರವನ್ನು ಓದಲಾರದ ಮಗುವಿಗೆ ಈ ಮಾತು ಎಷ್ಟು ದೂರವನ್ನು ತೋರಿಸುತ್ತದೆ? ಅದಕ್ಕೆ ಗಡಿಯಿಲ್ಲ, ಗುರುತಿಲ್ಲ. ನಾವಾದರೂ ಅದನ್ನು ಕಾಲವನ್ನು ಸೂಚಿಸುವುದಕ್ಕೆ ಬಳಸುವುದು ಅಪೂರ್ವ. ಬಹುಮಟ್ಟಿಗೆ ಅದು ‘ಇಲ್ಲ’ ಎಂಬುದಕ್ಕೆ ಹೊದಿಸಿದ ಶಾಲು. ‘ನಾಳೆ’ ಎಂಬುದು ಅದರ ಅಣ್ಣ. ನಮ್ಮ ಕೆಲವು ಊರುಗಳಲ್ಲಿ ದೆವ್ವದ ಭೀತಿ ಹಬ್ಬಿದಾಗ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಅನೇಕರು ಬಲ್ಲರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂತಿರುಗುವುದು. ಮಾರನೆಯ ರಾತ್ರಿಯೂ ಅದೇ ಬರಹ. ದೆವ್ವಕ್ಕೆ ಮಾಡುವ ಮೋಸವನ್ನೇ ನಾವು ಮಕ್ಕಳಿಗೂ ಮಾಡುತ್ತೇವೆ. ದೆವ್ವ ಪ್ರತಿದಿನವೂ ನಂಬುವುದಂತೆ. ಮಗುವು ಕೆಲವು ಸಲ ನಂಬಿ, ಬಳಿಕ ನಂಬುವುದನ್ನು ಬಿಡುತ್ತದೆ. ಆಗ ಅದು ಕೇಳಿದುದನ್ನು ಈ ಕ್ಷಣವೇ ಕೊಡೆಂದು ನೆಲಕ್ಕೆ ಬಿದ್ದು ಅಳುವುದು. ಹಠವೆಂದು ನಾವು ಹೆಸರಿಡುವುದರಲ್ಲಿ ಎಷ್ಟು ಪಾಲು, ಸಾಲ ಮುಳುಗೀತೆಂದು ಹೆದರಿದವನ ತಗಾದೆಯೋ! ಈ ವಿಚಾರ ನನಗೆ ಹೊಳೆದುದು ಎಪ್ಪತ್ತರ ಆಸುಪಾಸಿನಲ್ಲಿ. ನನ್ನ ಸ್ವಂತ ಮಕ್ಕಳಿಗೆ ನಾನು ಹೇಳಿದ ‘ಆಮೇಲೆ’ಗಳನ್ನು ಈಗ ಎಣಿಸಿ ಪ್ರಯೋಜನವಿಲ್ಲ.

ಗೋಡೆಯ ಮೇಲೆ ಚಿತ್ರಗಳು ಬಂದ ಬಳಿಕ ‘ಆಮೇಲೆ’ಗೆ ಒಂದು ಸ್ಥಾನ ದೊರೆಯಿತು. ಅದು ಚೆಂಡಿನ ಕೆಳಗೆ ಇದೆ. ಹುಡುಗನು ಅದನ್ನು ಬೆರಳಿಟ್ಟು ತೋರಿಸಬಲ್ಲ. ಅಷ್ಟೇ ಅಲ್ಲ, ನಾವು ತಪ್ಪಿದರೆ ಅದನ್ನೂ ತೋರಿಸಬಲ್ಲ.

ದಿನವೆಂಬುದು ಯಾವಾಗಲೂ ಬರೆದಂತೆ ನಡೆಯುವುದಿಲ್ಲ. ಸಂಜೆ ಆಟದ ಬದಲು ವೈದ್ಯರ ಬಳಿಗೆ ಹೋಗಬೇಕಾದೀತು. ಆಗ ಚೆಂಡಿನ ಚಿತ್ರವನ್ನು ಗುಟ್ಟಾಗಿ ತೆಗೆದುಬಿಡುವುದು ಸುಲಭ. ಸೊಸೆ ಹಾಗೆ ಮಾಡುವುದಿಲ್ಲ. ಬೆಳಗ್ಗೆಯೇ, ಮಗನ ಎದುರಿಗೇ, ಅದನ್ನು ತೆಗೆದು ಬೇರೆ ಚಿತ್ರವನ್ನು ತೂಗುಹಾಕಿ ಕಾರಣ ಹೇಳುತ್ತಾಳೆ. ಅವನು ಅಳುವುದುಂಟು. ಆದರೆ ಮೋಸಹೋದವನ ಅಳುವಲ್ಲ, ನಿರಾಶೆಯ ಅಳು. ಎರಡಕ್ಕೂ ಇರುವ ಭೇದವನ್ನು ಮನೆಯವರು ಬಲ್ಲರು. ಆಟಿಸಂ ಇರುವ ಮಗುವಿನ ವಿಷಯದಲ್ಲಿ ಇದು ಇನ್ನೂ ಗುರುತರವಾದುದು. ಮುನ್ಸೂಚನೆಯಿಲ್ಲದ ಬದಲಾವಣೆ ಅಂಥ ಮಗುವಿಗೆ ಬರಿಯ ನಿರಾಶೆಯಾಗಿರದೆ ತಡೆಯಲಾರದ ಸಂಕಟವಾಗಬಹುದು. ಅದಕ್ಕೆ ದೊಡ್ಡವನಾದ ಮೇಲೂ ಪಟ್ಟಿ ಬೇಕಾದರೆ ಬೇಕು. ಅದನ್ನು ‘ಊರುಗೋಲು’ ಎಂದು ಹೀಯಾಳಿಸಿ ಕಿತ್ತುಕೊಳ್ಳುವವರು ತಮ್ಮ ಕನ್ನಡಕವನ್ನು ಮೊದಲು ಕೆಳಗಿಡಲಿ.

ಇದೇ ಪಟ್ಟಿಯನ್ನು ಜವಾನನ ದೊಣ್ಣೆಯಂತೆ ಬಳಸುವ ಮನೆಗಳನ್ನೂ ನೋಡಿದ್ದೇನೆ. ಅಲ್ಲಿ ಏಳುವುದರಿಂದ ಮಲಗುವವರೆಗೆ ಇಪ್ಪತ್ತು ಚಿತ್ರಗಳು. ಕಾಗೆಯನ್ನು ನೋಡುತ್ತ ಕೂರುವುದಕ್ಕೆ ಎಲ್ಲಿಯೂ ಎಡೆಯಿಲ್ಲ. ಅದರ ವಿಚಾರ ಹೆಚ್ಚು ಹೇಳುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಳೆದ ತಿಂಗಳು ಒಂದು ರಾತ್ರಿ ಬಹುಕಾಲದ ಮಿತ್ರರೊಬ್ಬರು ಬಂದಿದ್ದರು. ಮಾತು ಬೆಳೆಯಿತು. ಊಟ ಮುಗಿಸಿದ ಹುಡುಗನು ಬಂದು ಪಕ್ಕದಲ್ಲಿ ನಿಂತ. ಕಥೆ ನನ್ನ ಪಾಲಿನ ಕೆಲಸ. ‘ಆಮೇಲೆ, ಪುಟ್ಟ’ ಎಂದೆ. ಅವನು ಗೋಡೆಯ ಕಡೆಗೆ ನೋಡಿದ, ನನ್ನ ಕಡೆಗೆ ನೋಡಿದ, ಏನೂ ಹೇಳಲಿಲ್ಲ. ಮಿತ್ರರನ್ನು ಬೀಳ್ಕೊಟ್ಟು ಒಳಗೆ ಬರುವಷ್ಟರಲ್ಲಿ ಅವನಿಗೆ ನಿದ್ರೆ ಬಂದಿತ್ತು. ಬರಿದಾಗಿರಬೇಕಾದ ಗೋಡೆಯ ಮೇಲೆ ಪುಸ್ತಕದ ಚಿತ್ರವೊಂದೇ ಉಳಿದಿತ್ತು.

ಬೆಳಗ್ಗೆ ಸೊಸೆ ಅದನ್ನು ಚೀಲಕ್ಕೆ ಹಾಕಿ ಹೊಸ ದಿನವನ್ನು ಆರಂಭಿಸಲು ಹೋದಳು. ಹುಡುಗನು ಒಪ್ಪಲಿಲ್ಲ. ‘ಅದು ಆಗಿಲ್ಲ’ ಎಂದ. ಅಳಲಿಲ್ಲ, ಕೂಗಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದ. ನಾನು ಕಾಫಿಯ ಲೋಟವನ್ನು ಅಲ್ಲಿಯೇ ಇಟ್ಟು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆರೂವರೆ ಗಂಟೆಯ ಬಿಸಿಲಿನಲ್ಲಿ ಮೊಸಳೆ ಮತ್ತು ಕೋತಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಗಿದ ಮೇಲೆ ಅವನು ತಾನೇ ಎದ್ದು ಹೋಗಿ ಚಿತ್ರವನ್ನು ಚೀಲಕ್ಕೆ ಹಾಕಿದ.

ಬ್ರಷ್ಷಿಗಿಂತ ಮುಂಚೆ ಕಥೆಯಾದುದು ಕ್ರಮಭಂಗವೆಂದೂ, ಮಗುವಿಗೆ ಇದರಿಂದ ಗೊಂದಲವಾಗುವುದೆಂದೂ ಸೊಸೆಯ ಅಭಿಪ್ರಾಯ. ಹಳೆಯ ಬಾಕಿ ತೀರದೆ ಹೊಸ ಲೆಕ್ಕ ತೆರೆಯಬಾರದೆಂದು ನನ್ನದು. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ.